ಅಳತೆ ಕೊಟ್ಟು ಮಾಡಿಸಿದ ಸೀಟಿನ ಮೇಲೆ ಐದು ದಿನ

ಪ್ರವಾಸ ಮುಗಿಸಿ ಮನೆ ಸೇರಿ ಹನ್ನೆರಡು ದಿನಗಳಾದವು. ಬೈಕಿಗೆ ಅಂಟಿದ್ದ ಕೆಸರನ್ನು ತೊಳೆದಾಗಿದೆ, ಮಳೆಯಂಗಿಗಳು ಒಣಗಿ ಕಪಾಟು ಸೇರಿವೆ. ಆದರೆ ಬೈಕಿನ ಮೇಲೆ ಈಗ ಸೀಟೇ ಇಲ್ಲ. ಯಾವ ಸೀಟನ್ನು ಪರೀಕ್ಷಿಸುವುದಕ್ಕೆಂದೇ ನಾನೂ ನನ್ನ ತಂಗಿಯೂ ಐದು ದಿನಗಳಲ್ಲಿ 1,440 ಕಿ.ಮೀ. ಸುತ್ತಿ ಬಂದೆವೋ, ಆ ಸೀಟು ಮತ್ತೆ ಅದನ್ನು ಮಾಡಿದವರ ಮೇಜಿನ ಮೇಲಿದೆ. ಅದು ಅಲ್ಲಿಗೆ ಹೇಗೆ ಹೋಯಿತು ಎಂಬುದು ಐದನೆಯ ದಿನದ ಸಂಗತಿ. ಅದಕ್ಕೆ ಮೊದಲು ನಾಲ್ಕು ದಿನಗಳನ್ನು ದಾಟಬೇಕು.

ಹೊರಡುವ ಮುನ್ನ

ಬೈಕಿನ ಜೊತೆ ಕಂಪನಿಯವರು ಕೊಟ್ಟಿದ್ದ ಸೀಟಿನಲ್ಲಿ ನನಗೆ ಒಂದೂವರೆ ಗಂಟೆ ಮಾತ್ರ ಕೂರಲು ಸಾಧ್ಯವಿತ್ತು. ಆಮೇಲೆ ಬಲಗಾಲಿಗೆ ಜೋಮು ಹಿಡಿಯುತ್ತಿತ್ತು, ಬೆನ್ನಿನ ಕೆಳತುದಿಯಲ್ಲಿ ಯಾರೋ ಹೆಬ್ಬೆರಳಿನಿಂದ ಒತ್ತುತ್ತಿರುವಂತೆ ಅನಿಸುತ್ತಿತ್ತು. ಆ ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾಗಿದ್ದುದರಿಂದ ಪ್ರತಿ ಬ್ರೇಕಿಗೂ ನಾನು ಮುಂದಕ್ಕೆ ಜಾರಿ, ಮತ್ತೆ ಕಾಲೂರಿ ಹಿಂದಕ್ಕೆ ಸರಿದು ಕೂರಬೇಕಾಗುತ್ತಿತ್ತು. ಜೊತೆಗೆ ಅದರ ಮುಂಭಾಗ ಅಗಲವಾಗಿದ್ದು, ನಿಂತಾಗ ತೊಡೆಗಳು ಕವಲೊಡೆದು, ನನ್ನ ಎತ್ತರಕ್ಕೆ ಕಾಲ್ಬೆರಳುಗಳಷ್ಟೇ ನೆಲ ಮುಟ್ಟುತ್ತಿದ್ದವು.

ಹೊಸ ಸೀಟು ಮಾಡಿಕೊಟ್ಟವರು ವಯಸ್ಸಾದವರು, ಮಾತು ಕಡಿಮೆ. ಮೊದಲ ಭೇಟಿಯಲ್ಲಿ ಅವರು ಬೈಕನ್ನು ನೋಡಲೇ ಇಲ್ಲ. ಒಂದು ಗಟ್ಟಿ ಮಣೆಯ ಮೇಲೆ ಪೆಟ್ಟಿಗೆಯ ರಟ್ಟನ್ನು ಹಾಸಿ, ಅದರ ಮೇಲೆ ಕೂರಲು ಹೇಳಿ, ಹಿಮ್ಮಡಿಗಳನ್ನು ಎತ್ತಿ ಒಂದು ನಿಮಿಷ ಹಾಗೆಯೇ ಇರಲು ಹೇಳಿದರು. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ತಗ್ಗುಗಳು ಮೂಡಿದ್ದವು. ಅವುಗಳ ನಡುಬಿಂದುಗಳಿಗೆ ಸೀಮೆಸುಣ್ಣದ ಗುರುತು ಹಾಕಿ ಅಳೆದಾಗ ಹನ್ನೆರಡೂವರೆ ಸೆಂ.ಮೀ. ಬಂತು. ಕೂತಾಗ ದೇಹದ ಭಾರವನ್ನು ಹೊರಬೇಕಾದವು ಸೊಂಟದ ಮೂಳೆಯ ಕೆಳಗಿನ ಈ ಎರಡು ಗುಬಟುಗಳು. ಹೆಂಗಸರಲ್ಲಿ ಅವುಗಳ ನಡುವಿನ ಅಂತರ ಸಾಮಾನ್ಯವಾಗಿ ಗಂಡಸರದ್ದಕ್ಕಿಂತ ಹೆಚ್ಚು. ಆ ಗುಬಟುಗಳಿಗೆ ಸೀಟಿನಲ್ಲಿ ಸರಿಯಾದ ಆಸರೆ ಸಿಗದಿದ್ದರೆ ಭಾರವು ನಡುವಿನ ಮೃದು ಭಾಗಕ್ಕೋ ಬಾಲಮೂಳೆಗೋ ಹೋಗುತ್ತದೆ, ನೋವು ಅಲ್ಲಿಂದಲೇ ಶುರುವಾಗುತ್ತದೆ.

ಎರಡನೆಯ ಭೇಟಿಯಲ್ಲಿ ಬೈಕಿನ ಮೇಲೆ ಕೂರಿಸಿ, ಫುಟ್‌ರೆಸ್ಟಿನ ಮೇಲೆ ಕಾಲಿಟ್ಟು ಹ್ಯಾಂಡಲ್ ಹಿಡಿದ ಭಂಗಿಯಲ್ಲಿ ಪಕ್ಕದಿಂದ ಫೋಟೋ ತೆಗೆದುಕೊಂಡರು. ದಿನಕ್ಕೆ ಎಷ್ಟು ಹೊತ್ತು ಓಡಿಸುತ್ತೀರಿ, ನೋವು ಎಷ್ಟನೆಯ ಗಂಟೆಗೆ ಬರುತ್ತದೆ, ಬಲಕ್ಕೋ ಎಡಕ್ಕೋ, ಹಿಂದಿನ ಜೇಬಿನಲ್ಲಿ ಪರ್ಸು ಇಡುವ ಅಭ್ಯಾಸವುಂಟೋ ಎಂದೆಲ್ಲ ಕೇಳಿದರು. ದಪ್ಪ ಹೊಲಿಗೆಯ ಜೀನ್ಸ್ ತೊಟ್ಟು ಬಂದಿದ್ದ ನನಗೆ, ಆ ಹೊಲಿಗೆಯ ಏಣು ಸೀಟಿನ ಅರ್ಧ ಕೆಲಸವನ್ನು ಕೆಡಿಸುತ್ತದೆ ಎಂದರು. ಅದನ್ನು ನಂಬಿ ಹೊಲಿಗೆ ಒತ್ತದ ಒಳಚಡ್ಡಿಯೊಂದನ್ನು ಕೊಂಡದ್ದು ಒಳ್ಳೆಯದೇ ಆಯಿತು.

ಸೀಟಿನ ತಳದ ಪ್ಲಾಸ್ಟಿಕ್ ಚಿಪ್ಪು ಹಳೆಯದೇ. ಅದರ ಮೇಲಿನ ಫೋಮನ್ನು ವಿದ್ಯುತ್ ಚಾಕುವಿನಿಂದ ಕೊಯ್ದು, ಮೂಳೆಗಳ ಕೆಳಗೆ ಚೂರುಗಳನ್ನು ಒತ್ತಿ ಮಾಡಿದ ಗಟ್ಟಿ ಫೋಮನ್ನು ಕೂರಿಸಿ, ಉಜ್ಜುಕಾಗದದಿಂದ ಆಕಾರ ತೆಗೆದು, ಮೇಲೆ ತೆಳುವಾದ ಮೆಮೊರಿ ಫೋಮಿನ ಪದರವನ್ನು ಅಂಟಿಸಿದ್ದರು. ಮುಂಭಾಗವನ್ನು ಎರಡೂ ಬದಿಯಿಂದ ಕಿರಿದಾಗಿಸಿ, ಕೂರುವ ಜಾಗವನ್ನು ತಗ್ಗಿಸಿ ಇಳಿಜಾರನ್ನು ತೆಗೆದುಹಾಕಿದ್ದರಿಂದ ನನ್ನ ಪಾದಗಳು ಪೂರ್ತಿ ನೆಲಕ್ಕೆ ಊರಿದವು. ಆ ಸಂತೋಷದಲ್ಲಿ, ಅಲ್ಲೇ ನಿಂತು, ಹತ್ತಕ್ಕೆ ಹತ್ತು ಅಂಕ ಕೊಡುತ್ತೇನೆ ಎಂದುಬಿಟ್ಟೆ. ಅವರು ನಗಲಿಲ್ಲ.

“ಮೊದಲ ಗಂಟೆಯಲ್ಲಿ ಎಲ್ಲ ಸೀಟೂ ಚೆನ್ನಾಗಿಯೇ ಇರುತ್ತದೆ ಅಮ್ಮಾ. ಸಾವಿರ ಕಿಲೋಮೀಟರ್ ಓಡಿಸಿ, ಆಮೇಲೆ ಹೇಳಿ,” ಎಂದು ಒಂದು ಚೀಟಿಯಲ್ಲಿ ಮೂರು ಗೆರೆ ಎಳೆದುಕೊಟ್ಟರು: ಎಷ್ಟನೆಯ ಗಂಟೆ, ದೇಹದ ಯಾವ ಜಾಗ, ಯಾವ ತರಹದ ರಸ್ತೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬರೆಯುವುದಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಮೊದಲನೆಯ ದಿನ: ಬಯಲು, 380 ಕಿ.ಮೀ.

ನಸುಕಿನಲ್ಲಿ ಹೊರಟು, ಊರುಗಳೆಲ್ಲ ಹಿಂದೆ ಸರಿದು ಹೆದ್ದಾರಿ ನೆಟ್ಟಗಾಗುವ ಹೊತ್ತಿಗೆ ಬಿಸಿಲೇರತೊಡಗಿತ್ತು. ನಿಜ ಹೇಳಬೇಕೆಂದರೆ ಮೊದಲ ಒಂದು ಗಂಟೆ ನನಗೆ ನಿರಾಶೆಯೇ ಆಯಿತು. ಇಷ್ಟೆಲ್ಲ ಅಳತೆ ಕೊಟ್ಟು ಮಾಡಿಸಿದ ಸೀಟು ಹಳೆಯದಕ್ಕಿಂತ ಗಟ್ಟಿಯಾಗಿತ್ತು. ಮೊದಲ ನಿಲುಗಡೆಯಲ್ಲಿ, ಪಕ್ಕದಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ ಚಾಲಕರೊಬ್ಬರು ಬಂದು ಸೀಟಿನ ಮೇಲೆ ಹೆಬ್ಬೆರಳು ಒತ್ತಿ, “ಇದೇನಮ್ಮ, ಕಲ್ಲಿನ ಹಾಗಿದೆ,” ಎಂದರು. ಪ್ರವಾಸದುದ್ದಕ್ಕೂ ಗಮನಿಸಿದೆ, ಸೀಟನ್ನು ನೋಡಿದವರೆಲ್ಲರೂ ಮೊದಲು ಮಾಡುವುದು ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನೇ. ಕೂರುವುದು ಹೆಬ್ಬೆರಳಲ್ಲವೆಂಬುದು ಯಾರಿಗೂ ಹೊಳೆಯುವುದಿಲ್ಲ. ಆದರೂ ಆ ಚಾಲಕರು ತಮ್ಮ ಆಸನದ ಮೇಲೆ ಹಾಸಿಕೊಂಡಿದ್ದ ಮರದ ಮಣಿಗಳ ಹೊದಿಕೆಯನ್ನು ತೋರಿಸಿ, ತಾನು ಇಪ್ಪತ್ತು ವರ್ಷಗಳಿಂದ ಇದರ ಮೇಲೆಯೇ ಕೂರುತ್ತಿರುವುದಾಗಿಯೂ, ಮಣಿಗಳ ಸಂದಿನಲ್ಲಿ ಗಾಳಿಯಾಡುವುದರಿಂದ ಬೆವರು ನಿಲ್ಲುವುದಿಲ್ಲವೆಂದೂ ಹೇಳಿದರು. ಅದು ಕೂಡ ಮೆತ್ತಗಿನ ವಸ್ತುವೇನಲ್ಲ ಎಂದು ನನಗೆ ಅನಿಸಿತು, ಬಾಯಿಬಿಟ್ಟು ಹೇಳಲಿಲ್ಲ.

ಒಂದೂವರೆ ಗಂಟೆ ದಾಟಿತು. ಬಲಗಾಲಿನ ಜೋಮನ್ನು ನಿರೀಕ್ಷಿಸುತ್ತ ಗಡಿಯಾರ ನೋಡಿದ್ದು ನೆನಪಿದೆ. ಆಮೇಲೆ ನೋಡುವುದನ್ನೇ ಮರೆತೆ. ಎರಡೂವರೆ ಗಂಟೆಗೆ ಒಂದು ಸೇತುವೆ ದಾಟುವಾಗ, ನಾನು ಇಷ್ಟು ಹೊತ್ತು ಸೀಟಿನ ಬಗ್ಗೆ ಯೋಚಿಸಿಯೇ ಇಲ್ಲವೆಂಬುದು ಗಮನಕ್ಕೆ ಬಂತು. ರಸ್ತೆಯ ಎರಡೂ ಬದಿ ಕಟಾವಾದ ಹೊಲಗಳು, ನಡುನಡುವೆ ಕೆರೆಯ ನೀರಿನ ಹೊಳಪು, ದೂರದಲ್ಲಿ ಒಂಟಿ ಮರ. ಹಳೆಯ ಸೀಟಿನ ಮೇಲಿದ್ದಾಗ ಇವನ್ನು ನೋಡುವಷ್ಟು ವ್ಯವಧಾನ ನನಗೆ ಇರುತ್ತಲೇ ಇರಲಿಲ್ಲ. ಮುಂದಿನ ನಿಲುಗಡೆ ಎಷ್ಟು ದೂರವಿದೆ ಎಂಬ ಒಂದೇ ಲೆಕ್ಕ ತಲೆಯಲ್ಲಿ ಓಡುತ್ತಿತ್ತು.

ನಾಲ್ಕನೆಯ ಗಂಟೆಗೆ ದೂರು ಬಂತು. ಬಲತೊಡೆಯ ಒಳಭಾಗದಲ್ಲಿ, ಸೀಟಿನ ಅಂಚಿಗೆ ಹೊಲಿದ ದಪ್ಪ ಕೊಳವೆಪಟ್ಟಿ ಉಜ್ಜಿ ಉರಿಯತೊಡಗಿತು. ಚೀಟಿಯ ಮೊದಲ ಸಾಲನ್ನು ಅಲ್ಲಿಯೇ ಬೈಕ್ ನಿಲ್ಲಿಸಿ ಬರೆದೆ.

ಮಧ್ಯಾಹ್ನ ಊಟಕ್ಕೆ ನಿಂತಾಗ ನೆರಳು ಸಿಗದೆ ಬೈಕನ್ನು ಬಿಸಿಲಿಗೇ ಬಿಟ್ಟೆವು. ಕಪ್ಪು ರೆಕ್ಸಿನ್ ಹೊದಿಕೆ ಮುಕ್ಕಾಲು ಗಂಟೆಯಲ್ಲಿ ಕಾದ ಹೆಂಚಿನಂತಾಗಿ, ಮೊದಲು ಕೂತ ತಂಗಿ ಹಾರಿ ಕೆಳಗಿಳಿದಳು. ನೀರು ಚಿಮುಕಿಸಿ, ಬಿಳಿಯ ಟವೆಲನ್ನು ಹಾಸಿ ಹೊರಟೆವು. ಅಂದಿನಿಂದ ಬೈಕ್ ನಿಲ್ಲಿಸಿದ ತಕ್ಷಣ ಆ ಟವೆಲನ್ನು ಸೀಟಿಗೆ ಹೊದಿಸುವುದು ರೂಢಿಯಾಯಿತು. ಸೀಟಿನೊಳಗೆ ಮೆತ್ತನೆಯ ಜೆಲ್ ಪದರ ಹಾಕಿಸುವ ಆಸೆ ನನಗಿತ್ತು, ಸೀಟು ಮಾಡುವವರು ಬೇಡವೆಂದಿದ್ದರು. ಬಿಸಿಲಿನಲ್ಲಿ ಜೆಲ್ ಕಾವನ್ನು ಹೀರಿ ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಅವರ ಮಾತಿನ ಬೆಲೆ ಆ ಮಧ್ಯಾಹ್ನ ತಿಳಿಯಿತು.

ಸಂಜೆಯವರೆಗೆ ಒಟ್ಟು ಆರು ಸಲ ನಿಂತೆವು. ಪ್ರತಿ ಸಲವೂ ತಂಗಿ ಮೊದಲು ಇಳಿದು, ಸೊಂಟಕ್ಕೆ ಕೈಯಿಟ್ಟುಕೊಂಡು ಸ್ವಲ್ಪ ದೂರ ನಡೆದು ಬರುತ್ತಿದ್ದಳು. ಹೊಲಗಳನ್ನು ನೋಡುತ್ತಿದ್ದಾಳೆ ಎಂದುಕೊಂಡೆ.

ಎರಡನೆಯ ದಿನ: ಏರುದಾರಿ, 210 ಕಿ.ಮೀ.

ಬೆಟ್ಟದ ಬುಡದಲ್ಲಿ ತಂಗಿದ್ದೆವು. ಬೆಳಿಗ್ಗೆ ಬೈಕಿನ ಮೇಲೆಲ್ಲ ಇಬ್ಬನಿ, ಉಸಿರು ಹೊಗೆಯಾಗುವಷ್ಟು ಚಳಿ. ಕೂತರೆ ಸೀಟು ಬೇರೆಯದೇ! ಹಿಂದಿನ ದಿನ ಮಧ್ಯಾಹ್ನ ಕೂತ ಜಾಗಕ್ಕೆ ಒಗ್ಗಿಕೊಂಡಿದ್ದ ಮೇಲ್ಪದರ ಈಗ ಹಲಗೆಯಂತೆ ಬಿಗಿದುಕೊಂಡಿತ್ತು. ಏನೋ ಕೆಟ್ಟಿತು ಎಂದು ಗಾಬರಿಯಾಯಿತು. ಅರ್ಧ ಗಂಟೆ ಓಡಿಸುವಷ್ಟರಲ್ಲಿ ಮೈಯ ಕಾವಿಗೆ ಅದು ತಾನಾಗಿಯೇ ಸಡಿಲಗೊಂಡಿತು. ಮೆಮೊರಿ ಫೋಮಿನ ಸ್ವಭಾವವೇ ಅದು: ಚಳಿಗೆ ಬಿಗಿಯುತ್ತದೆ, ಕಾವಿಗೆ ಸಡಿಲವಾಗುತ್ತದೆ. 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ, ವಿಮಾನದ ಆಸನಗಳಲ್ಲಿ ಕೂತವರಿಗೆ ಆಘಾತ ತಟ್ಟದಿರಲೆಂದು ಚಾರ್ಲ್ಸ್ ಯೋಸ್ಟ್ ರೂಪಿಸಿದ ವಸ್ತು ಇದು. ಅದು ರಾತ್ರಿಯಿಡೀ ಇಬ್ಬನಿಯಲ್ಲಿ ನೆನೆದ ಬೈಕಿನ ಮೇಲೆ ಹೇಗಿರುತ್ತದೆ ಎಂದು ಆಗ ಯಾರೂ ಯೋಚಿಸಿರಲಿಕ್ಕಿಲ್ಲ. ಇಡೀ ಸೀಟನ್ನು ಅದರಿಂದಲೇ ಮಾಡದೆ ತೆಳು ಪದರವನ್ನಷ್ಟೇ ಹಾಕಿದ್ದು ಜಾಣತನವೆಂದು ಒಪ್ಪಿಕೊಳ್ಳಲೇಬೇಕು. ಮರುದಿನದಿಂದ ಸೀಟನ್ನು ಕಳಚಿ ಕೋಣೆಯೊಳಗೇ ಇಟ್ಟುಕೊಂಡೆವು, ಕೀಲಿಯೊಂದನ್ನು ತಿರುಗಿಸಿದರೆ ಬಿಚ್ಚಿಕೊಳ್ಳುವ ಸೀಟಿಗೆ ಇದು ಕಷ್ಟವಲ್ಲ.

ತಿರುವುಗಳು ಶುರುವಾದವು. ಒಂದರ ಹಿಂದೊಂದು ಬರುವ ಹಿಮ್ಮುರಿ ತಿರುವುಗಳಲ್ಲಿ ಸೀಟಿನ ಮೇಲೆ ಅತ್ತಿತ್ತ ಸರಿದು ಕೂರಬೇಕಾಗುತ್ತದೆ. ಇಲ್ಲಿ ನನ್ನ ಸೀಟಿನ ಒಂದು ಕೊರತೆ ಕಾಣಿಸಿತು. ಮೂಳೆಗಳಿಗೆ ಸರಿಯಾಗಿ ತಗ್ಗು ಮಾಡಿದ್ದರಿಂದ ಅದು ನನ್ನನ್ನು ಒಂದೇ ಜಾಗದಲ್ಲಿ ಹಿಡಿದು ಕೂರಿಸುತ್ತದೆ. ನೆಟ್ಟಗಿನ ದಾರಿಯಲ್ಲಿ ವರವಾಗಿದ್ದ ಅದೇ ಗುಣ ತಿರುವಿನಲ್ಲಿ ಬೇಲಿಯಾಯಿತು. ತಗ್ಗಿನ ಅಂಚನ್ನು ಹತ್ತಿ ಇಳಿಯುವುದಕ್ಕೆ ಪ್ರತಿ ತಿರುವಿನಲ್ಲಿಯೂ ಕಾಲೂರಿ ಏಳಬೇಕು. ಮಾಡಿದವರ ತಪ್ಪು ಇದು ಅಲ್ಲ, ಹೆದ್ದಾರಿಯಲ್ಲಿ ದೂರ ಹೋಗುತ್ತೇನೆ ಎಂದು ನಾನೇ ಹೇಳಿದ್ದೆ. ಆದರೂ ಚೀಟಿಯಲ್ಲಿ ಬರೆದೆ.

ಬೆಟ್ಟದ ನೆತ್ತಿಯಲ್ಲಿ ಮಂಜು ಸರಿಯುವುದನ್ನು ಕಾಯುತ್ತ ಕೂತಿದ್ದಾಗ, ಕೆಳಗಿನಿಂದ ಸೈಕಲ್ ತುಳಿದುಕೊಂಡು ಬಂದ ಹಿರಿಯರೊಬ್ಬರು ಪಕ್ಕದಲ್ಲಿಯೇ ನಿಂತರು. ಅವರ ಸೈಕಲ್ಲಿನ ಸೀಟು ಅಂಗೈಗಿಂತ ತುಸು ದೊಡ್ಡದು, ಚರ್ಮದ್ದು, ನನ್ನದಕ್ಕಿಂತ ಎಷ್ಟೋ ಗಟ್ಟಿ. ಇದರ ಮೇಲೆ ದಿನವಿಡೀ ಹೇಗೆ ಕೂರುತ್ತೀರಿ ಎಂದು ಕೇಳಿದೆ. ಅವರು ಸೈಕಲ್ಲನ್ನು ಓರೆಯಾಗಿಸಿ ಸೀಟಿನ ಹಿಂಭಾಗವನ್ನು ತೋರಿಸಿದರು. ಹೊಳೆಯುವ ಚರ್ಮದಲ್ಲಿ ಎರಡು ಗುಳಿಗಳು, ರಟ್ಟಿನಲ್ಲಿ ನನ್ನವು ಮೂಡಿದ್ದಂತೆಯೇ. “ಮೂಳೆ ಕೂರುತ್ತದೆ, ಮಾಂಸ ಕೂರುವುದಿಲ್ಲ. ಮೆತ್ತಗಿದ್ದರೆ ಮೂಳೆ ಮುಳುಗಿ, ನಡುವೆ ಇರುವುದೆಲ್ಲ ಮೇಲೆದ್ದು ಒತ್ತುತ್ತದೆ. ಸಂತೆಯ ತನಕ ಹೋಗಿಬರುವುದಕ್ಕೆ ಮೆತ್ತೆ ಸಾಕು, ಬೆಟ್ಟ ಹತ್ತುವುದಕ್ಕೆ ಇದು,” ಎಂದರು. ನನ್ನ ಸೀಟನ್ನು ಅವರೂ ಹೆಬ್ಬೆರಳಿನಿಂದ ಒತ್ತಿದರು, ಆದರೆ ಸರಿಯಾಗಿ ಮೂಳೆ ಕೂರುವ ಜಾಗದಲ್ಲಿ ಒತ್ತಿ ತಲೆಯಾಡಿಸಿದರು. ಆಮೇಲೆ ಕೈ ಹಿಂದಕ್ಕೆ ಸರಿಸಿ ಹಿಂಬದಿಯ ಸೀಟನ್ನು ಮುಟ್ಟಿ, ತಂಗಿಯ ಮುಖ ನೋಡಿ, ಏನನ್ನೂ ಹೇಳದೆ ಹೊರಟುಹೋದರು. ಈಗ ನೆನೆದರೆ ಆ ಮನುಷ್ಯರಿಗೆ ಅಂದೇ ತಿಳಿದಿತ್ತು.

ಇಳಿಜಾರಿನಲ್ಲಿ ತಂಗಿ ಎರಡು ಸಲ ನನ್ನ ಬೆನ್ನಿಗೆ ಬಂದು ಗುದ್ದಿದಳು. ಬ್ರೇಕನ್ನು ಸ್ವಲ್ಪ ಮೆಲ್ಲಗೆ ಹಾಕುತ್ತೇನೆ ಎಂದೆ.

ಮೂರನೆಯ ದಿನ: ಮಳೆ, 260 ಕಿ.ಮೀ.

ರಾತ್ರಿಯಿಂದಲೇ ಹಿಡಿದಿದ್ದ ಮಳೆ ಬೆಳಿಗ್ಗೆ ಹೊರಡುವಾಗ ಜಿಟಿಜಿಟಿಗೆ ಇಳಿದಿತ್ತು. ಒಂದು ಗಂಟೆಯಾದ ಮೇಲೆ ಮತ್ತೆ ಜೋರಾಯಿತು. ರಸ್ತೆಯಂಚಿನ ಹಳ್ಳಗಳು ಕೆಂಪಾಗಿ ಉಕ್ಕಿ, ಎದುರಿನ ಗಾಡಿಗಳ ದೀಪವಷ್ಟೇ ಕಾಣುವ ಸ್ಥಿತಿ ಬಂತು. ಒಂದು ತಗಡಿನ ಮಾಡಿನ ಕೆಳಗೆ ನಾವು ನಿಂತೆವು, ಬೈಕಿಗೆ ಮಾತ್ರ ಜಾಗವಿರಲಿಲ್ಲ. ಇಪ್ಪತ್ತು ನಿಮಿಷಗಳ ನಂತರ ನೋಡಿದರೆ ಸೀಟಿನ ಮೇಲೆ ಪುಟ್ಟ ಕೆರೆಯೊಂದು ನಿಂತಿತ್ತು! ನನ್ನ ಮೈಗೆ ಅಳೆದು ತೋಡಿದ ಆ ತಗ್ಗಿನಲ್ಲಿ ಬೊಗಸೆಯಷ್ಟು ನೀರು, ಅದರ ಮೇಲೆ ಮಾಡಿನಿಂದ ತೊಟ್ಟಿಕ್ಕುವ ಹನಿಗಳ ಉಂಗುರಗಳು. ತಂಗಿ ಬಿದ್ದು ಬಿದ್ದು ನಕ್ಕಳು. ಕೈಯಿಂದ ನೀರನ್ನು ತಳ್ಳಿ ಒರೆಸಿ ಕೂತೆವು.

ನೀರು ಮೇಲೆ ನಿಂತದ್ದಕ್ಕಿಂತ ಒಳಗೆ ಇಳಿದದ್ದು ದೊಡ್ಡ ತೊಂದರೆಯಾಯಿತು. ಅಲಂಕಾರಕ್ಕೆಂದು ಕೂರುವ ಜಾಗದ ನಟ್ಟನಡುವೆ ಎರಡು ಸಾಲು ಹೊಲಿಗೆ ಬೇಕೆಂದು ಹಟ ಹಿಡಿದವಳು ನಾನೇ. ಸೂಜಿಯ ಪ್ರತಿ ತೂತೂ ನೀರಿಗೆ ಬಾಗಿಲು. ಸೀಟಿನ ಫೋಮಿನ ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿರುವಂಥವು, ಸ್ಪಂಜಿನಂತೆ ಕುಡಿಯುತ್ತವೆ; ಕೂತಾಗ ಅದೇ ನೀರು ಅದೇ ತೂತುಗಳಿಂದ ಮೇಲೆ ಬರುತ್ತದೆ. ಮಳೆಯಂಗಿ ಎಷ್ಟು ಒಳ್ಳೆಯದಾದರೇನು, ಮಧ್ಯಾಹ್ನದ ಹೊತ್ತಿಗೆ ನಾನು ಕೆಳಗಿನಿಂದ ನೆನೆದಿದ್ದೆ. ಫೋಮಿಗೂ ಹೊದಿಕೆಗೂ ನಡುವೆ ನೀರು ತಡೆಯುವ ಹಾಳೆ ಹಾಕಿಲ್ಲವೇಕೆ ಎಂಬ ಸಿಟ್ಟು ಬಂತು. ಇದೊಂದು ನ್ಯಾಯವಾದ ದೂರು ಎಂದು ಈಗಲೂ ನನ್ನ ಅಭಿಪ್ರಾಯ: ಗಿರಾಕಿ ಹೊಲಿಗೆಯನ್ನು ಕೇಳಿದರೂ, ಅದರಿಂದ ಏನಾಗುತ್ತದೆ ಎಂದು ಹೇಳಬೇಕಾದವರು ಬಲ್ಲವರೇ.

ಮಳೆ ನಿಂತ ಮೇಲೆ ಸಿಕ್ಕ ಸಣ್ಣ ಪೇಟೆಯಲ್ಲಿ, ಛತ್ರಿಯ ಕೆಳಗೆ ಕೂತು ಚಪ್ಪಲಿ ಹೊಲಿಯುತ್ತಿದ್ದವರೊಬ್ಬರ ಬಳಿ ಸೀಟನ್ನು ಕಳಚಿ ಒಯ್ದೆವು. ಅವರು ಅದನ್ನು ಮಗುವನ್ನು ಎತ್ತಿಕೊಂಡಂತೆ ತೊಡೆಯ ಮೇಲಿಟ್ಟುಕೊಂಡು, ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದರು. ದಾರ ನೈಲಾನು ಎಂದರು. ಹತ್ತಿಯ ದಾರವಾದರೆ ನೀರು ಕುಡಿದು ಉಬ್ಬಿ ತನ್ನ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ, ಆದರೆ ಬೇಗ ಕೊಳೆಯುತ್ತದೆ. ನೈಲಾನು ಕೊಳೆಯುವುದಿಲ್ಲ, ಉಬ್ಬುವುದೂ ಇಲ್ಲ. ಸೂಜಿ ಅಗತ್ಯಕ್ಕಿಂತ ದಪ್ಪದ್ದು ಬಳಸಿದ್ದಾರೆ ಎಂದೂ ಹೇಳಿದರು. ಸೀಟಿನ ಮೂತಿಯನ್ನು ಕೆಳಗೆ ಮಾಡಿ ನಿಲ್ಲಿಸಿ, ಟವೆಲು ಹಾಸಿ ಮೊಣಕೈಯಿಂದ ಅದುಮಿದಾಗ, ತಳದ ಚಿಪ್ಪಿನಲ್ಲಿದ್ದ ಸಣ್ಣ ತೂತುಗಳಿಂದ ನೀರು ದಾರವಾಗಿ ಇಳಿಯಿತು. ಆ ತೂತುಗಳು ಇರುವುದೇ ಅದಕ್ಕೆ, ಯಾರಾದರೂ ಅಂಟು ಹಾಕಿ ಮುಚ್ಚಲು ಬಂದರೆ ಬಿಡಬೇಡಿ ಎಂದರು. ತಂಗಿ ಹೇರ್ ಡ್ರೈಯರ್ ತರಲು ಹೊರಟವಳನ್ನು ತಡೆದರು. ಹೆಚ್ಚು ಕಾವು ತಗುಲಿದರೆ ಫೋಮಿನ ಪದರಗಳನ್ನು ಹಿಡಿದಿರುವ ಅಂಟು ಮೆದುವಾಗಿ ಬಿಟ್ಟುಕೊಳ್ಳುತ್ತದೆಯಂತೆ. ಕೊನೆಗೆ ಜೇನುಮೇಣದ ಉಂಡೆಯೊಂದನ್ನು ತೆಗೆದು, ಹೊಲಿಗೆಯ ಉದ್ದಕ್ಕೂ ಬಲವಾಗಿ ತಿಕ್ಕಿ, ಹೆಬ್ಬೆರಳಿನ ಬಿಸಿಯಿಂದಲೇ ಮೇಣವನ್ನು ಒಂದೊಂದು ತೂತಿನೊಳಕ್ಕೂ ಒತ್ತಿದರು. ಆ ಬೆರಳಿನ ತುದಿ ಮೇಣದಿಂದ ಹಳದಿಯಾಗಿ ಹೊಳೆಯುತ್ತಿತ್ತು. ಇದು ಮನೆ ಮುಟ್ಟುವ ತನಕದ ಉಪಾಯ, ಒಳಗಿನಿಂದ ಪಟ್ಟಿ ಅಂಟಿಸದೆ ಗತಿಯಿಲ್ಲ ಎಂಬ ಎಚ್ಚರಿಕೆಯನ್ನೂ ಕೊಟ್ಟರು.

ಸಂಜೆಯ ಎರಡು ಗಂಟೆ ಅಗಲವಾದ ಪ್ಲಾಸ್ಟಿಕ್ ಚೀಲವೊಂದನ್ನು ಸೀಟಿಗೆ ತೊಡಿಸಿ ಓಡಿಸಿದೆವು. ಸುಂದರವಾಗಿ ಕಾಣಲಿಲ್ಲ, ನೀರು ಒಳಹೋಗಲಿಲ್ಲ. ಮಳೆಗಾಲಕ್ಕೆ ಹೊರಡುವವರು ಇಂಥದ್ದೊಂದು ಚೀಲವನ್ನು ಸೀಟಿನ ಅಡಿಯಲ್ಲಿ ಮಡಿಸಿಟ್ಟುಕೊಂಡರೆ ಸಾಕು, ನನ್ನ ಹಾಗೆ ನೆನೆದ ಮೇಲೆ ಹುಡುಕಬೇಕಾಗಿಲ್ಲ.

ನಾಲ್ಕನೆಯ ದಿನ: ಕಿತ್ತುಹೋದ ರಸ್ತೆ, 170 ಕಿ.ಮೀ.

ಬರೆಯುವುದಕ್ಕೆ ಹೆಚ್ಚಿಲ್ಲ. ರಸ್ತೆಯೆಂಬುದು ಹೆಸರಿಗೆ, ಜಲ್ಲಿ ಮತ್ತು ಗುಂಡಿ. ಸೀಟು ಎಷ್ಟೇ ಒಳ್ಳೆಯದಿರಲಿ, ಗುಂಡಿಯ ಪೆಟ್ಟನ್ನು ನುಂಗಬೇಕಾದದ್ದು ಸಸ್ಪೆನ್ಷನ್ನೂ ಮೊಣಕಾಲುಗಳೂ. ನಾನು ಹೆಚ್ಚಿನ ಹೊತ್ತು ಫುಟ್‌ರೆಸ್ಟಿನ ಮೇಲೆ ಅರ್ಧ ಎದ್ದು ನಿಂತೇ ಓಡಿಸಿದೆ. ಕಿರಿದು ಮಾಡಿದ ಮುಂಭಾಗ ಹಾಗೆ ನಿಲ್ಲುವಾಗ ಎರಡು ಮೊಣಕಾಲುಗಳ ನಡುವೆ ಚೆನ್ನಾಗಿ ಕೂತಿತು. ಸಾವಿರ ಕಿಲೋಮೀಟರ್ ಆ ದಿನ ದಾಟಿತು. ಸೀಟು ನನ್ನ ಮಟ್ಟಿಗೆ ಪಳಗಿತ್ತು. ಹತ್ತಕ್ಕೆ ಎಂಟು ಎಂದು ಮನಸ್ಸಿನಲ್ಲೇ ಅಂಕ ಹಾಕುತ್ತಿದ್ದೆ.

ಸಂಜೆ, ಉಳಿದುಕೊಂಡಿದ್ದ ಮನೆಯ ಜಗಲಿಯಲ್ಲಿ ಚೀಟಿಯನ್ನು ತುಂಬುತ್ತಿದ್ದಾಗ ತಂಗಿ ಪಕ್ಕಕ್ಕೆ ಬಂದು ನಿಂತಳು, ಕೂರಲಿಲ್ಲ.

“ಅಕ್ಕಾ, ಮೂರು ದಿನದಿಂದ ನೋಡುತ್ತಿದ್ದೇನೆ. ನಿನ್ನ ತೊಡೆ, ನಿನ್ನ ಮೂಳೆ, ನಿನ್ನ ಹೊಲಿಗೆ. ಈ ಚೀಟಿಯಲ್ಲಿ ನಾನೆಲ್ಲಿದ್ದೇನೆ?”

ಆಮೇಲೆ ಎಲ್ಲವನ್ನೂ ಹೇಳಿದಳು. ಮೊದಲ ದಿನದ ಎರಡನೆಯ ಗಂಟೆಯಿಂದಲೇ ಅವಳ ಬಾಲಮೂಳೆ ನೋಯುತ್ತಿತ್ತು. ನಿಂತಾಗಲೆಲ್ಲ ನಡೆದಾಡುತ್ತಿದ್ದುದು ಹೊಲ ನೋಡುವುದಕ್ಕಲ್ಲ. ಹೊಸ ಸೀಟು ಬಂದ ಮೇಲೆ ಹಿಂದೆ ಕೂತರೆ ಸದಾ ಮುಂದಕ್ಕೆ ಜಾರುತ್ತದೆ, ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಹಿಡಿದು ಅಂಗೈ ಬೊಬ್ಬೆ ಬಂದಿದೆ. ತೋರಿಸಿದಳು, ಬಂದಿತ್ತು. ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನೀನು ಅಷ್ಟು ಖುಷಿಯಾಗಿದ್ದೆ ಎಂದಳು.

ಐದನೆಯ ದಿನ: ಮನೆಯ ದಾರಿ, 420 ಕಿ.ಮೀ.

ಬೆಳಿಗ್ಗೆ ನಾನೇ ಕೇಳಿ ಹಿಂದೆ ಕೂತೆ. ತಂಗಿಗೂ ಲೈಸೆನ್ಸ್ ಇದೆ, ಎತ್ತರದಲ್ಲಿ ನನಗಿಂತ ಎರಡು ಇಂಚು ಹೆಚ್ಚು. ನಲವತ್ತು ಕಿಲೋಮೀಟರ್ ಹೋಗಿ ನೋಡೋಣ ಎಂದುಕೊಂಡಿದ್ದೆ, ಹದಿನೈದಕ್ಕೇ ಸಾಕೆನಿಸಿತು. ನನ್ನ ಜಾಗವನ್ನು ತಗ್ಗಿಸಿದ್ದರಿಂದ ಹಿಂದಿನ ಸೀಟಿಗೂ ಮುಂದಿನದಕ್ಕೂ ನಡುವೆ ಒಂದು ಮೆಟ್ಟಿಲೇ ಎದ್ದಿತ್ತು, ಮತ್ತು ಅದನ್ನು ನಯಗೊಳಿಸಲು ಹಿಂಸೀಟಿನ ಮುಂತುದಿಯನ್ನು ಇಳಿಜಾರಾಗಿ ಉಜ್ಜಿದ್ದರು. ಕಂಪನಿಯ ಸೀಟಿನಲ್ಲಿ ನಾನು ಅನುಭವಿಸುತ್ತಿದ್ದ ಜಾರಿಕೆಯನ್ನು ಅಲ್ಲಿಂದ ತೆಗೆದು ಅವಳ ಕೆಳಗೆ ಇಟ್ಟಂತಾಗಿತ್ತು. ಫೋಮ್ ಕೂಡ ಹಳೆಯದೇ, ತೆಳುವಾದದ್ದೇ. ಪ್ರತಿ ಗುಂಡಿಯಲ್ಲೂ ತಳದ ಚಿಪ್ಪು ನೇರವಾಗಿ ಮೂಳೆಗೆ ತಾಗುತ್ತಿತ್ತು. ಮುಂದೆ ಕೂತವರಿಗೆ ಗುಂಡಿ ಮೊದಲೇ ಕಾಣುತ್ತದೆ, ಕಾಲೂರಿ ಏಳಬಹುದು. ಹಿಂದೆ ಕೂತವರಿಗೆ ಅದು ಹೇಳದೆ ಬರುತ್ತದೆ. ಇಷ್ಟು ವರ್ಷ ಬೈಕ್ ಓಡಿಸಿಯೂ ನನ್ನದೇ ಬೈಕಿನ ಹಿಂದೆ ನಾನು ಒಮ್ಮೆಯೂ ಕೂತಿರಲಿಲ್ಲ.

ಅಮೆರಿಕದಲ್ಲಿ ಐರನ್ ಬಟ್ ಅಸೋಸಿಯೇಷನ್ ಎಂಬ, ದೂರ ಹೋಗುವ ಬೈಕ್ ಸವಾರರ ಸಂಸ್ಥೆಯಿದೆ. 1,000 ಮೈಲಿಗಳನ್ನು, ಎಂದರೆ ಸುಮಾರು 1,609 ಕಿ.ಮೀ.ಗಳನ್ನು, 24 ಗಂಟೆಗಳೊಳಗೆ ಮುಗಿಸಿದವರಿಗೆ ಅದು ಪ್ರಮಾಣಪತ್ರ ಕೊಡುತ್ತದೆ. ಆ ಸವಾರಿಯ ಹೆಸರೇ ಸ್ಯಾಡಲ್‌ಸೋರ್, ಎಂದರೆ ಸೀಟಿನಲ್ಲಿ ಕೂತು ಕೂತು ಬರುವ ನೋವು. ನಾವು ಐದು ದಿನಗಳಲ್ಲಿ ಹೋದದ್ದು ಅದಕ್ಕಿಂತ ಕಡಿಮೆ ದೂರ. ಮುಂದೆ ನಾನು, ಹಿಂದೆ ತಂಗಿ ಕೂತು ಅಂಥದ್ದೊಂದು ಸವಾರಿಗೆ ಹೋಗಬೇಕೆಂಬ ಕನಸು ನನಗಿತ್ತು. ಹಿಂದಿನ ಸೀಟಿನಲ್ಲಿ ಹದಿನೈದು ಕಿಲೋಮೀಟರ್ ಕೂತು, ಆ ಕನಸನ್ನು ತಂಗಿಗೆ ಹೇಳುವ ಧೈರ್ಯವಾಗಲಿಲ್ಲ.

ಉಳಿದ ದಾರಿಯನ್ನು ಹೀಗೆ ಹಂಚಿಕೊಂಡೆವು: ಒಂದು ಗಂಟೆ ಅವಳು ಓಡಿಸುವುದು, ಒಂದು ಗಂಟೆ ನಾನು; ಹಿಂದೆ ಕೂತವರ ಕೆಳಗೆ ಆ ಬಿಳಿಯ ಟವೆಲನ್ನು ಮಡಿಸಿ, ಜಾರದಂತೆ ಮುಂಭಾಗದಲ್ಲಿ ದಪ್ಪವಾಗಿ ಇಡುವುದು. ತಾತ್ಕಾಲಿಕ ಆಸರೆಯಾದರೂ ಅದು ನಡೆಯಿತು. ಅವಳು ನನ್ನ ಸೀಟಿನಲ್ಲಿ ಕೂತಾಗ ಅವಳ ಮುಖದ ಮೇಲೆ ಮೂಡಿದ ಅಚ್ಚರಿಯನ್ನು ಕನ್ನಡಿಯಲ್ಲಿ ನೋಡಿದೆ. “ಓ, ಇಷ್ಟು ಚೆನ್ನಾಗಿದೆಯಾ!” ಎಂದಳು. ಅದು ಹೊಗಳಿಕೆಯೋ ಆರೋಪವೋ ಎಂದು ನಾನು ಕೇಳಲಿಲ್ಲ. ಚೀಟಿಯ ಮೂರು ಗೆರೆಗಳ ಪಕ್ಕದಲ್ಲಿ ನಾಲ್ಕನೆಯದೊಂದನ್ನು ಎಳೆದು, ಅವಳು ಹೇಳಿದ್ದನ್ನೆಲ್ಲ ಮೊದಲ ದಿನದಿಂದ ಬರೆದುಕೊಂಡೆ. ನನ್ನ ದೂರುಗಳು ನಾಲ್ಕು, ಅವಳವು ಒಂಬತ್ತು.

ಮರಳಿದ ಮೇಲೆ

ಮೂರನೆಯ ದಿನಕ್ಕೆ ಸೀಟು ಮಾಡಿದವರೇ ಫೋನು ಮಾಡಿದರು. ಅಂಕಗಳನ್ನು ಕೊಡದೆ, ಚೀಟಿಯನ್ನು ಓದಿ ಹೇಳಿದೆ. ತೊಡೆ ಉಜ್ಜುವ ಕೊಳವೆಪಟ್ಟಿಯನ್ನು ತೆಗೆಯುತ್ತೇನೆ ಎಂದರು. ತಗ್ಗಿನ ಹಿಂದಿನ ಅಂಚನ್ನು ತುಸು ಮಟ್ಟ ಮಾಡಿದರೆ ತಿರುವಿನಲ್ಲಿ ಸರಿಯಲು ಅನುಕೂಲವಾದೀತು, ನೀರೂ ಅತ್ತ ಹರಿದುಹೋದೀತು ಎಂದರು. ಹೊಲಿಗೆಯ ವಿಷಯಕ್ಕೆ ಬಂದಾಗ ಒಂದು ಕ್ಷಣ ಸುಮ್ಮನಿದ್ದು, ನಡುವೆ ಹೊಲಿಗೆ ಬೇಡವೆಂದು ತಾನು ಗಟ್ಟಿಯಾಗಿ ಹೇಳಬೇಕಾಗಿತ್ತು, ಒಳಗೆ ಹಾಳೆಯನ್ನೂ ಹಾಕಬೇಕಾಗಿತ್ತು ಎಂದು ಒಪ್ಪಿಕೊಂಡರು. ನೆಪ ಹೇಳಲಿಲ್ಲ, ನನ್ನ ಹಟವನ್ನು ನೆನಪಿಸಲೂ ಇಲ್ಲ. ಸೀಟಿನಷ್ಟೇ ಈ ಮಾತೂ ನನಗೆ ಸಮಾಧಾನ ಕೊಟ್ಟಿತು.

ನಾಲ್ಕನೆಯ ಗೆರೆಯನ್ನು ಓದತೊಡಗಿದಾಗ ಅವರು ನಡುವೆಯೇ ತಡೆದು, “ಹಿಂದೆ ಯಾವಾಗಲೂ ಒಬ್ಬರು ಕೂರುತ್ತಾರೆಯೇ ಅಮ್ಮಾ?” ಎಂದು ಕೇಳಿದರು. ಅಷ್ಟೆಲ್ಲ ಪ್ರಶ್ನೆ ಕೇಳಿದವರು ಅದೊಂದನ್ನು ಕೇಳಿರಲಿಲ್ಲ. ಅಷ್ಟೆಲ್ಲ ಉತ್ತರ ಕೊಟ್ಟ ನಾನೂ ಅದೊಂದನ್ನು ಹೇಳಿರಲಿಲ್ಲ.

ಮೊನ್ನೆ ಇಬ್ಬರೂ ಹೋಗಿದ್ದೆವು. ಅದೇ ಗಟ್ಟಿ ಮಣೆ, ಅದರ ಮೇಲೆ ಹೊಸ ರಟ್ಟು. ತಂಗಿ ಹಿಮ್ಮಡಿ ಎತ್ತಿ ಕೂತು, ನಗು ತಡೆಯಲಾರದೆ ಅಲುಗಾಡಿದ್ದರಿಂದ ಮೊದಲ ರಟ್ಟು ಕೆಟ್ಟಿತು. ಎರಡನೆಯದರಲ್ಲಿ ತಗ್ಗುಗಳು ಸ್ಪಷ್ಟವಾಗಿ ಮೂಡಿದವು. ಅವರು ಸೀಮೆಸುಣ್ಣದಿಂದ ಗುರುತು ಹಾಕಿ, ಅಳೆದು, ಹದಿಮೂರು ಎಂದು ಬರೆದರು. ಆಮೇಲೆ ನನ್ನ ಹಳೆಯ ರಟ್ಟನ್ನು ಹುಡುಕಿ ತೆಗೆದು, ಎರಡನ್ನೂ ಸೀಟಿನ ಚಿಪ್ಪಿನ ಮೇಲೆ ಒಂದರ ಹಿಂದೊಂದು ಜೋಡಿಸಿಟ್ಟು, ಚಾಕುವನ್ನು ಕೈಗೆತ್ತಿಕೊಳ್ಳದೆ ಬಹಳ ಹೊತ್ತು ನೋಡುತ್ತ ನಿಂತರು.